ನಾಣ್ಯ ನಿಲ್ಲುವ ಮೆಷೀನು

ಐದು ರೂಪಾಯಿಯ ಹಳೇ ದಪ್ಪ ನಾಣ್ಯ ಎರಡನೇ ಮೆಷೀನಿನ ಮೇಲಿಂದಲೂ ಉರುಳಿತು. ಕಡೂರಿನ ಧನಪಾಲನ ಅಂಗಡಿಯ ನೆಲದ ಮೇಲೆ ಗಿರಗಿರ ಸುತ್ತಿ ಸುಗ್ರಾಬಿಯ ಕಾಲ ಬಳಿ ಬಿತ್ತು. ಅವಳು ಎತ್ತಿ ಗಂಡನ ಕಡೆ ಚಾಚಿದಳು.

"ಬಲಗೈಲಿ ಕೊಡೇ," ಎಂದರು ನಜೀರ್ ಅಹಮದ್. "ಮೊಮ್ಮಕ್ಕಳಾದ್ರೂ ಈ ಎಡಗೈ ಚಾಳಿ ಹೋಗ್ಲಿಲ್ಲ ನಿಂಗೆ." ಅವಳು ಕೈ ಬದಲಿಸಿ ಕೊಟ್ಟಳು. ಅವರು ಅಂಗಡಿಯವನ ಕಡೆ ತಿರುಗಿದರು. "ಇದೂ ಬ್ಯಾಡ ಕಣಪ್ಪಾ. ಅಲ್ಲಾಡ್ತದೆ."

ತರೀಕೆರೆಯ ತಮ್ಮ ಮನೆಯ ಪಡಸಾಲೆಯಲ್ಲೇ ಕೂತು ಮರದ ಹಲಗೆಯಲ್ಲಿ ಹೂವು, ಬಳ್ಳಿ, ನವಿಲು ಕೊರೆಯುವ ನಜೀರ್ ಸಾಬರಿಗೆ ಸ್ಕ್ರೋಲ್ ಸಾ ಎಂಬ ಸಣ್ಣ ಗರಗಸದ ಮೆಷೀನನ್ನು ಪರೀಕ್ಷಿಸಲು ಇದೊಂದೇ ದಾರಿ. ಓಡುವ ಮೆಷೀನಿನ ಮೇಲೆ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಬೇಕು. ನಿಂತರೆ ಮೆಷೀನು, ಬಿದ್ದರೆ ಗುಜರಿ. ಮನೆಯ ಹಳೇ ಮೆಷೀನನ್ನು ಹೋದ ವಾರವಷ್ಟೇ ಗುಜರಿಯವನಿಗೆ ಹೊರಿಸಿ ಕಳಿಸಿದ್ದರು. ಅದರಲ್ಲಿ ಏನು ಮಾಡಿದರೂ ಗೆರೆ ಸೊಟ್ಟಗೆ ಓಡುತ್ತಿತ್ತು, ಎಲೆಗಳೆಲ್ಲ ಇಲಿ ಕಡಿದಂತಾಗುತ್ತಿದ್ದವು. ಸುಗ್ರಾಬಿ ಉಪ್ಪುಕಾಗದ ಹಿಡಿದು ಉಜ್ಜಿ ಉಜ್ಜಿ ಆ ಅಂಚುಗಳನ್ನು ಸರಿಮಾಡುತ್ತಿದ್ದಳು. ಉಜ್ಜಿದರೂ ಸರಿಹೋಗದಷ್ಟು ಕೆಟ್ಟದ್ದು ಯಗಟಿಯ ಪ್ರೇಮಮ್ಮನವರ ಹೊಸ ಮನೆಯ ಕೆಲಸ. ಅವರ ದೇವರ ಕೋಣೆಯ ಬಾಗಿಲಿಗೆಂದು ಒಪ್ಪಿಕೊಂಡ ಜಾಲರಿ ಕೆತ್ತನೆಯ ಎರಡು ಹಲಗೆ ಹಾಳಾಗಿದ್ದವು. ಮೂರನೆಯದೂ ಹಾಳಾದರೆ ಕೆಲಸ ಇನ್ನೊಬ್ಬರ ಪಾಲಾಗುತ್ತಿತ್ತು. ಅದು ಹೋಗಲಿ ಎಂದರೆ, ಮೂರು ಊರಿನಲ್ಲಿ ಆ ಕೈಗಿದ್ದ ಹೆಸರೂ ಅದರ ಜೊತೆಗೇ ಹೋಗುತ್ತಿತ್ತು.

"ನಿಮ್ ಕೈಗೆ ಯಾವ ಮೆಷೀನಾದ್ರೇನು ಸಾಬ್ರೇ?" ಧನಪಾಲ ಪುಸಲಾಯಿಸಿದ. "ಅಜ್ಜಂಪುರದಾಗೆ ನಮ್ ಬೀಗರ ಮನೆ ಬಾಗ್ಲ ಮೇಲೆ ನೀವು ಕೊರ್ದಿರೋ ನವಿಲು ಐತಲ್ಲ, ಬಂದೋರೆಲ್ಲ ಅದರ ಗರಿ ಮುಟ್ಟಿ ಮುಟ್ಟಿ ನೋಡ್ತಾರೆ. ಒಂದೊಂದು ಎಳೇನೂ ಕೂದ್ಲಿದ್ದಂಗೈತೆ!"

ಸಾಬರ ಗಡ್ಡ ಒಂದು ಬೆರಳಷ್ಟು ಮೇಲೆದ್ದಿತು. ಸುಗ್ರಾಬಿ ಮುಸುಕು ಸರಿಮಾಡಿಕೊಳ್ಳುವ ನೆವದಲ್ಲಿ ಮುಖ ಆಚೆ ತಿರುಗಿಸಿದಳು.

"ಕೈ ಒಂದಿದ್ರೆ ಸಾಲ್ದು ಕಣಪ್ಪಾ, ಮೆಷೀನಿಗೂ ಮರ್ಯಾದೆ ಇರ್ಬೇಕು. ಆ ಮೂಲೇಲಿರೋದು ಇಳ್ಸು."

ಧನಪಾಲ ಮೂರನೆಯದನ್ನು ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲಿಟ್ಟು ಏನೋ ತರಲು ಒಳಗೆ ಹೋದ. ಸಾಬರಿಗೆ ಅಷ್ಟು ಹೊತ್ತು ತಡೆಯಲಾಗಲಿಲ್ಲ. ತಾವೇ ಸ್ವಿಚ್ಚು ಒತ್ತಿದರು. ಪಕ್ಕದ ಹಿಟ್ಟಿನ ಗಿರಣಿ ಅಂಗಡಿಯ ಗೋಡೆಗಳನ್ನೆಲ್ಲ ಗುಂಯ್ ಅನ್ನಿಸುತ್ತಿತ್ತು. ಕನ್ನಡಕ ಹಣೆಗೇರಿಸಿ, ಬಗ್ಗಿ, ಉಸಿರು ಬಿಗಿಹಿಡಿದು ನಾಣ್ಯ ನಿಲ್ಲಿಸಿದರು. ಬಿತ್ತು. ಮತ್ತೆ ನಿಲ್ಲಿಸಿದರು. ಮತ್ತೂ ಬಿತ್ತು.

"ಸದ್ದು ಮಾತ್ರ ಚೂರೂ ಇಲ್ಲ, ಭಲೇ!" ಎಂದು ಒಳಗೆ ಕೇಳುವ ಹಾಗೆ ಕೂಗಿದರು. "ಆದ್ರೆ ನಡುಕ ಐತಲ್ಲಪ್ಪಾ, ಇದಕ್ಕೂ ನಡುಕ!"

ಹೊರಬಂದ ಧನಪಾಲ ಗೊಳ್ಳೆಂದು ನಕ್ಕ. "ಇನ್ನೂ ಪ್ಲಗ್ಗೇ ಹಾಕಿಲ್ವಲ್ಲ ಸಾಬ್ರೇ! ವೈರು ನೋಡಿ, ನನ್ ಕೈಲೈತೆ."

ಆ ನಗು ಅರ್ಧಕ್ಕೇ ನಿಂತಿತು. ಮೂವರ ಕಣ್ಣೂ ನಾಣ್ಯ ಹಿಡಿದ ಬೆರಳುಗಳ ಮೇಲೆ ಬಿದ್ದಿದ್ದವು. ಅವು ಹೊಲಿಗೆ ಮೆಷೀನಿನ ಸೂಜಿಯ ಹಾಗೆ, ಸಣ್ಣಗೆ, ಬಿಡದೆ ಆಡುತ್ತಿದ್ದವು.

ಮೊದಲು ಬಾಯಿಬಿಟ್ಟವಳು ಸುಗ್ರಾಬಿ. "ಅಯ್ಯೋ, ಮೇಜು ಸಮ ಐತಾ ಅಂತ ನೋಡ್ತಿದ್ರು ಕಣಪ್ಪಾ, ಇವ್ರು ಯಾವಾಗ್ಲೂ ಹಂಗೇ. ನಿನ್ ಮೇಜೇ ಸೊಟ್ಟ. ನಡೀರಿ, ಶಿವಮೊಗ್ಗದಲ್ಲಿ ನೋಡಾಣ."

"ಹೌದೌದು," ಧನಪಾಲನೂ ಗಡಿಬಿಡಿಯಲ್ಲಿ ತಲೆಯಾಡಿಸಿದ. "ಈ ಮೇಜು ಮೊದ್ಲಿಂದ್ಲೂ ಹಿಂಗೇಯ."

ನಜೀರ್ ಸಾಬರು ಅಲ್ಲಾಡಲಿಲ್ಲ. ತಮ್ಮ ಕೈಯನ್ನು ಬೇರೆ ಯಾರದೋ ಸಾಮಾನಿನಂತೆ ತಿರುಗಿಸಿ ತಿರುಗಿಸಿ ನೋಡಿದರು. "ಗುಜರಿಯೋನ ಮುಂದೆ ಆ ಹಳೇ ಮೆಷೀನಿಗೆ ಎಷ್ಟು ಬೈದ್ಬಿಟ್ಟೆ, ಪಾಪ," ಎಂದರು ಮೆಲ್ಲಗೆ. ಆಮೇಲೆ ಬೆನ್ನು ನೆಟ್ಟಗೆ ಮಾಡಿದರು. "ಮೇಜು ಸರಿಯಾಗೈತೆ. ಮೆಷೀನೂ ಸರಿಯಾಗೈತೆ. ಪ್ಲಗ್ ಹಾಕಪ್ಪಾ. ಸುಗ್ರಾ, ಬಾ. ನೀನು ನಿಲ್ಸು."

"ನಾನ್ಯಾಕ್ರೀ, ಇಷ್ಟು ಜನದ ಮುಂದೆ..."

"ಇರೋದೇ ಇವನೊಬ್ಬ. ಬಾ ಅಂದೆ."

ಮೆಷೀನು ಓಡತೊಡಗಿತು. ಸುಗ್ರಾಬಿ ನಾಣ್ಯ ತೆಗೆದುಕೊಂಡು, ಗಂಡನ ಮುಖ ನೋಡಿ, ಅದನ್ನು ಬಲಗೈಗೆ ಬದಲಿಸಿದಳು.

"ಆ ಕೈ ಅಲ್ಲ," ಎಂದರು ಸಾಬರು. "ನಿನ್ನ ಕೈ."

ಎಡಗೈಯ ಎರಡು ಬೆರಳು ನಾಣ್ಯವನ್ನಿಟ್ಟು ಹಿಂದೆ ಸರಿದವು. ಓಡುವ ಮೆಷೀನಿನ ಮೇಲೆ ನಾಣ್ಯ ನಿಂತಿತು. ಗಿರಣಿಯಲ್ಲಿ ಯಾರೋ ಮೂಟೆ ಎತ್ತಿಹಾಕಿದ ಸದ್ದಿಗೂ ಅದು ಮಿಸುಕಲಿಲ್ಲ.

ಸಾಬರ ಗಡ್ಡ ಮತ್ತೆ ಮೇಲೆದ್ದಿತು, ಈ ಸಲ ಎರಡು ಬೆರಳಷ್ಟು. "ನಿಮ್ ಬೀಗರಿಗೆ ಹೇಳಪ್ಪಾ. ಆ ನವಿಲು ಕೊರೆಯೋವಾಗ ನಾನು ಜ್ವರ ಬಂದು ಮಲಗಿದ್ದೆ. ನವಿಲಿನ ಮೈ ಮಾತ್ರ ನಂದು. ಗರಿ ಪೂರಾ ಇವರದು."

"ಸುಮ್ನಿರೀ, ಅಂಗಡೀಲಿ..." ಸುಗ್ರಾಬಿ ಪಿಸುಗುಟ್ಟಿದಳು.

ಸಾಬರು ಸುಮ್ಮನಿರುವಂತೆ ಕಾಣಲಿಲ್ಲ. ಕನ್ನಡಕವನ್ನು ಮೂಗಿಗಿಳಿಸಿಕೊಂಡು ಮೆಷೀನನ್ನು ಒಂದು ಸುತ್ತು ಹಾಕಿದರು. ಬಲಬದಿಗಿದ್ದ ಸ್ವಿಚ್ಚನ್ನು ಬೆರಳಿನಿಂದ ತಟ್ಟಿದರು.

"ಮೆಷೀನು ಚಿನ್ನದಂಥದ್ದು. ಆದ್ರೂ ಇದು ಬ್ಯಾಡ. ಎಡಗಡೆ ಸ್ವಿಚ್ ಇರೋದು ತೋರ್ಸು ಧನಪಾಲ್," ಎಂದರು. "ನಮ್ಮನೆ ಮಿಸ್ತ್ರಿಗಳು ಎಡಚರು."