ಕೆಂಪಿಲ್ಲದ ಬಾದಾಮಿ

“ನಿಮ್ಮ ಹೆಂಡತಿ ಸುಳ್ಳಿ ಅಂತ ಹೇಳಾಕ ನಾ ಬಂದಿಲ್ಲ,” ಅಂದರು ಬಸಯ್ಯ ಮಾಸ್ತರು.

ಹೇಳಲು ಬಂದದ್ದು ಮಾತ್ರ ಅದನ್ನೇ.

ಶಿರೂರಿನ ಆ ಮನೆಯ ಬಾಗಿಲು ತೆರೆದದ್ದೇ ಮೂರನೇ ಸಲ ಚಿಲಕ ಬಡಿದ ಮೇಲೆ. ತೆರೆದವಳು ಪಕ್ಕದ ಮನೆಯ ಖೈರುನಬಿ. ಮಧ್ಯಾಹ್ನದ ರೊಟ್ಟಿ ಕೊಡಲು ಬಂದಿದ್ದಳು. ನಾನು ಮಾಸ್ತರ, ಶಾರವ್ವನ ವಿಷಯಕ್ಕೆ ಇಳಕಲ್ಲಿನಿಂದ ಬಂದಿದ್ದೇನೆ ಅಂದಾಗ ಅವಳ ಮುಖ ಗಂಟಾಯಿತು.

“ಸತ್ತು ಹದಿನೆಂಟ ವರ್ಷಾತು. ಈಗ ಯಾಕ ನೆನಪಾದ್ಲು?”

ಬಿಸಿಲಿನಿಂದ ಬಂದ ಬಸಯ್ಯನವರಿಗೆ ಪಡಸಾಲೆಯಲ್ಲಿ ಮೊದಲು ಏನೂ ಕಾಣಲಿಲ್ಲ. ಆಮೇಲೆ ಕಂಡವನು ಮಲಕಪ್ಪ, ಶಾರವ್ವನ ಗಂಡ. ಎಪ್ಪತ್ತೈದು ದಾಟಿದ ಮುದುಕ. ರುಮಾಲು ಹುಬ್ಬಿನ ತನಕ ಇಳಿದಿತ್ತು. ಕಂಬಕ್ಕೆ ಒರಗಿ ದೀಪದ ಬತ್ತಿ ಹೊಸೆಯುತ್ತಿದ್ದ.

“ಚಪ್ಪಲಿ ಹೊಸಾವೇನ್ರಿ ಮಾಸ್ತರ? ಕಚ್ಚಾಕತ್ತಾವು.”

ಚಪ್ಪಲಿ ಹೊಸ್ತಿಲ ಹೊರಗಿದ್ದವು. ಮುದುಕ ಚುರುಕಾಗಿದ್ದಾನೆ, ಎಚ್ಚರದಿಂದ ಮಾತಾಡಬೇಕು ಅಂದುಕೊಂಡರು ಬಸಯ್ಯ.

ಅದು ಎಪ್ಪತ್ತೊಂಬತ್ತನೇ ಇಸವಿ. ಇಳಕಲ್ಲಿನ ಹೊಸ ವಾಚನಾಲಯಕ್ಕೆ ಶಾರವ್ವನ ಹೆಸರಿಡಬೇಕೆಂದು ಕಮಿಟಿಯವರು ಹಟ ಹಿಡಿದಿದ್ದರು. ಸ್ವಾತಂತ್ರ್ಯ ಬರುವ ಮೊದಲೇ ಈ ಸೀಮೆಯ ಗುಡ್ಡ, ಹೊಳೆಗಳ ಮೇಲೆ ಮೂರು ಕಾದಂಬರಿ ಬರೆದ ಹೆಂಗಸು. ಬಸಯ್ಯನವರೂ ಬರೆದಿದ್ದರು. ಹುನಗುಂದದಲ್ಲಿ ಕನ್ನಡ ಕಲಿಸುತ್ತಲೇ ಬಾದಾಮಿಯ ಮೇಲೆ ನಾನೂರು ಪುಟ ತುಂಬಿಸಿದ್ದರು. ಅದನ್ನು ತಿರುಗಿ ಕಳಿಸಿದ ಪ್ರಕಾಶಕ, ‘ಮೊದಲು ಶಾರವ್ವನವರನ್ನು ಓದಿ’ ಎಂದು ಒಂದೇ ಸಾಲು ಬರೆದಿದ್ದ. ಬಸಯ್ಯ ಓದಿದರು. ಹುಳುಕು ಹುಡುಕಲೆಂದೇ ಓದಿದರು. ಸಿಕ್ಕಿತು.

“ಕಾದಂಬರ್ಯಾಗಿನ ಊರೆಲ್ಲಾ ನೀವು ತಿರಗಿದ ಊರು. ಹೌದಲ್ರಿ?”

“ಹೌದ್ರಿ. ಏಕತಾರಿ ಹಿಡಕೊಂಡು ತತ್ವಪದ ಹಾಡಕೋತ ತಿರಗೇನಿ. ರಾಮಥಾಳ, ಕೂಡಲಸಂಗಮ, ಬಾದಾಮಿ. ಊರು ಬಿಟ್ಟಿಲ್ಲ.”

“ಶಾರವ್ವ ಒಬ್ರ ಎಂದರ ಬಾದಾಮಿಗೆ ಹೋಗಿದ್ರೇನು?”

“ಒಬ್ಬಾಕಿ ಎಲ್ಲಿಗೂ ಹೋದಾಕಿ ಅಲ್ಲ. ನಾ ಆಕಿ ಕೈ ಬಿಡ್ತಿದ್ದಿಲ್ಲ.”

ಬಸಯ್ಯ ಅದನ್ನು ಬರೆದುಕೊಂಡರು. ಹೆಂಡತಿಯನ್ನು ಮುಷ್ಟಿಯಲ್ಲಿ ಇಟ್ಟುಕೊಂಡಿದ್ದ ಗಂಡ.

“ಬರಕೋರಿ, ಚಲೋತ್ನ್ಯಾಗ ಬರಕೋರಿ,” ಅಂದಳು ಖೈರುನಬಿ. ರೊಟ್ಟಿಯ ಗಂಗಾಳವನ್ನು ಮುದುಕನ ಕೈಗೇ ತಾಗಿಸಿ ಇಟ್ಟಳು. ಬಂದವರಿಗೆ ಒಂದು ತಂಬಿಗೆ ನೀರನ್ನೂ ಕೊಡಲಿಲ್ಲ.

ಬಸಯ್ಯ ದನಿ ಏರಿಸಿದರು. “ಬಾದಾಮಿ ಅಂದ್ರ ಕೆಂಪ ಕಲ್ಲು. ಸಣ್ಣ ಕೂಸಿಗೂ ಗೊತ್ತೈತಿ. ಮೂರು ಪುಸ್ತಕದಾಗ ಒಂದ ಕಡೆನೂ ಕೆಂಪು ಅನ್ನೋ ಮಾತಿಲ್ಲ! ಕೆರಿ ನೀರು ಹಸರು, ಅದೂ ಇಲ್ಲ. ದೂರದ ಗುಡ್ಡ ಹೆಂಗೈತಿ? ಎತ್ತಿನ ಡುಬ್ಬದಂಗ. ಮೋಡ? ಹಿಂಜಿದ ಹತ್ತಿಯಂಗ. ಹುಣ್ಣಿವಿ ಚಂದ್ರ? ಆರಿದ ರೊಟ್ಟಿಯಂಗ. ಎಲ್ಲಾ ಕೈಗೆ ಸಿಗೋ ಸಾಮಾನು. ಅಡಗಿಮನಿ ಬಿಟ್ಟು ಹೊರಗ ಬರದಾಕಿ ಬರವಣಿಗಿ ಇದು. ನೀವು ನೋಡಿ ಬಂದು ಹೇಳಿದ್ರಿ, ಆಕಿ ತನಗ ತಿಳಿದಂಗ ಗೀಚಿದ್ಲು. ಖರೇನೋ ಸುಳ್ಳೋ?”

ಮಲಕಪ್ಪ ರೊಟ್ಟಿ ಮುರಿದ. ಬಾಯಿಗೆ ಹಾಕಿಕೊಳ್ಳಲಿಲ್ಲ.

“ಬರದದ್ದೆಲ್ಲಾ ನನಗ ಓದಿ ಹೇಳ್ತಿದ್ಲು. ನಾ ‘ತಿಳೀತು’ ಅನ್ನೋತನಕ ಹಾಳಿ ಹರೀತಿದ್ಲು, ಮತ್ತ ಬರೀತಿದ್ಲು. ಆ ಗುಡ್ಡದ ಸಾಲಿಗೆ ಹದಿನಾರು ದಿನಾ ಹಿಡೀತ್ರಿ.”

“ಅಂದ್ರ ತಿದ್ದಿಸಿದವ್ರೂ ನೀವು!” ಬಸಯ್ಯ ಚೀಲದಿಂದ ಬರೆದು ತಂದ ಕಾಗದ ತೆಗೆದರು. ರವಿವಾರ ಕಮಿಟಿ ಕೂಡುವುದಿತ್ತು. ಇದೊಂದಿದ್ದರೆ ಸಾಕು, ವಾಚನಾಲಯದ ಬೋರ್ಡಿಗೆ ಆ ಹೆಸರು ಏರುತ್ತಿರಲಿಲ್ಲ. “ನಿಮಗೂ ಮಾನ ಬರ್ತೈತಿ ನೋಡ್ರಿ. ಸಹಿ ಮಾಡ್ರಿ.”

“ಓದಿ ಹೇಳ್ರಿ. ಆಕಿ ಹೋದಮ್ಯಾಲ ಈ ಮನ್ಯಾಗ ಯಾರೂ ಓದಿ ಹೇಳಿಲ್ಲ.”

ಅಕ್ಷರ ಬಾರದವನು ಎಂದು ಬಸಯ್ಯನವರಿಗೆ ಒಳಗೊಳಗೇ ಹಿಗ್ಗಾಯಿತು. ಗಟ್ಟಿಯಾಗಿ ಓದಿದರು: “ಈ ಊರು, ಗುಡ್ಡ, ಹೊಳೆಗಳನ್ನು ಕಣ್ಣಾರೆ ನೋಡಿದವನು ನಾನು. ನನ್ನ ಹೆಂಡತಿ ನೋಡಿದವಳಲ್ಲ. ನಾನು ಕಂಡು ಹೇಳಿದ್ದನ್ನೇ ಆಕೆ ಬರೆದಳು.”

“ಮೊದಲನೇ ಮಾತು ಇನ್ನೊಮ್ಮೆ ಓದ್ರಿ.”

“ಕಣ್ಣಾರೆ ನೋಡಿದವನು ನಾನು.”

ಖೈರುನಬಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಬಸಯ್ಯನವರಿಗೆ ತಿಳಿಯಲಿಲ್ಲ. ಮುದುಕ ಕೈ ಒರೆಸಿಕೊಂಡು ಹೆಬ್ಬೆರಳನ್ನು ಮುಂದಕ್ಕೆ ಚಾಚಿದ. ಅದು ಕಾಗದದ ಕಡೆ ಬರಲಿಲ್ಲ. ಮಾಸ್ತರರ ಭುಜದ ಆಚೆ, ಬರಿಯ ಗಾಳಿಯಲ್ಲಿ ನಿಂತಿತು.

“ಕಮಿಟಿ ಮುಂದ ನೀವು ಇದನ್ನ ಓದುವಾಗ ನಾನೂ ಬರ್ತೇನಿ, ಖೈರುನಬಿ ಕರಕೊಂಡ ಬರ್ತಾಳ,” ಅಂದ ಮಲಕಪ್ಪ. “ಹೆಬ್ಬಟ್ಟು ಎಲ್ಲಿ ಒತ್ತಬೇಕು, ಕೈ ಹಿಡದು ತೋರಸ್ರಿ ಮಾಸ್ತರ. ನಾ ಹುಟ್ಟಗುರುಡ.”