ದಾರ ಕಟ್ಟಿದ ಪೆಟ್ಟಿಗೆ

ಮತ್ತೆ ಅದೇ ಉತ್ತರ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ: ಗ್ರಾಫಿಕ್ಸ್ ಕಾರ್ಡ್ ಸಿಗಲಿಲ್ಲ, ಡ್ರೈವರ್ ಲೋಡ್ ಆಗಲಿಲ್ಲ.

"ಸುಳ್ಳು ಬೊಗಳ್ತಾ ಅದೆ, ದರಿದ್ರದ್ದು!" ಮಾನಸ ಕೀಬೋರ್ಡ್ ಕುಟ್ಟಿದಳು. ಆಯುಧಪೂಜೆಯ ಹಿಂದಿನ ದಿನ ಅವಳ ಕಣ್ಣೆದುರೇ ಹೊಸ ಕಾರ್ಡ್ ಕೂರಿಸಿದ್ದರು. ತೆಗೆದ ಹಳೆಯದನ್ನು ಬೀರುವಿಗೆ ಹಾಕಿದ್ದು ಅವಳಪ್ಪ ಬಸವಯ್ಯ. ಅವಳು ಪಾಠ ಹೇಳುವ ಗುಂಡ್ಲುಪೇಟೆಯ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲೇ ಅವನು ಅಟೆಂಡರ್. ಕಂಪ್ಯೂಟರ್ ಪೆಟ್ಟಿಗೆಗಳನ್ನು ಬಿಚ್ಚಿ ಧೂಳು ಹೊಡೆಯುವುದೂ ಅವನ ಕೆಲಸವೇ.

ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸಿ.ಡಿ.ಯಿಂದ ಲಿನಕ್ಸ್ ಹಾಕಿದ್ದಾಗಿತ್ತು. ಅದರಲ್ಲಿ ಬರಿ ಅಕ್ಷರದ ಬದಲು ಚಿತ್ರ ಮೂಡಿಸಿದರೆ ಚಾಮರಾಜನಗರದ ಹೊಸ ಶಾಖೆಯ ಉಸ್ತುವಾರಿ ಮಾನಸಳದು ಎಂದಿದ್ದ ಕೇಂದ್ರದ ಮಾಲೀಕ. ಇವತ್ತು ಸಂಜೆಯೇ ಗಡುವು. ತಪ್ಪಿದರೆ ಜೊತೆಯ ಮೇಷ್ಟ್ರು ಗುರುಸ್ವಾಮಿಗೆ. ಸಂತೆಮರಹಳ್ಳಿಯಿಂದ ಅವಳನ್ನು ನೋಡಲು ಬಂದಿದ್ದ ಗಂಡಿನವರಿಗೆ ಊರು ಬಿಟ್ಟು ದುಡಿಯುವ ಸೊಸೆ ಬೇಡ. "ಕೆಲ್ಸ ಸಿಕ್ರೆ ಅವರಿಗೆ ಒಲ್ಲೆ ಅಂತ ನಾನೇ ಯೋಳ್ಬುಡ್ತೀನಿ ಕೂಸೇ" ಎಂದು ಅಪ್ಪ ಮಾತು ಕೊಟ್ಟಿದ್ದ. ಪಾಪ, ಎಂಥ ಅಪ್ಪ!

ಡ್ರೈವರ್ ತೆಗೆದು ಮತ್ತೆ ಹಾಕಿದಳು. ಸೆಟ್ಟಿಂಗ್ ಬದಲಿಸಿದಳು. ಮಾನಿಟರ್ ಬದಲಿಸಿದಳು. ಊಹೂಂ.

"ಪೆಟ್ಟಿಗೆ ಬಿಚ್ಚಿ ನೋಡನ ಅಪ್ಪ."

ಟೀ ತಂದಿದ್ದ ಬಸವಯ್ಯ ಪೆಟ್ಟಿಗೆಯ ಮೇಲೆ ಕೈಯಿಟ್ಟ. ಪೂಜೆಯಲ್ಲಿ ಅವನೇ ಸುತ್ತಿದ್ದ ಅರಿಶಿನದ ದಾರ. "ದೀಪಾವಳಿಗಂಟ ಕೀಳ್ಬಾರ್ದು ಕಣವ್ವ. ಮಾದಪ್ಪ ಮುನುಸ್ಕೊತಾನೆ. ಗಂಟು ಹಂಗೇ ಅದಲ್ಲ, ಒಳಕ್ಕೆ ಯಾರು ಕೈ ಹಾಕವ್ರೆ?"

ಅದೂ ನಿಜವೇ. ಹಾಗಾದರೆ ಫೈಲುಗಳಿಗೆ ಯಾರೋ ಕೈಹಾಕಿದ್ದಾರೆ. ಯಾರೋ ಏನು, ಗುರುಸ್ವಾಮಿಯೇ!

ಸಂಜೆ ಮಾಲೀಕ ಮಲ್ಲಿಕಾರ್ಜುನಸ್ವಾಮಿ ಬಂದಾಗಲೂ ಪರದೆ ಕಪ್ಪಗೇ ಇತ್ತು.

"ಇವನೇ ಕೆಡ್ಸಿರೋದು ಸಾರ್!" ಮಾನಸ ಗುರುಸ್ವಾಮಿಯ ಕಡೆ ಕೈ ತೋರಿದಳು.

"ನಿಂಗೆ ಬರ್ದಿದ್ರೆ ನನ್ ಮ್ಯಾಲೆ ಯಾಕೆ ಗೂಬೆ ಕೂರಿಸ್ತೀಯ?" ಗುರುಸ್ವಾಮಿಯ ಮುಖ ಕಪ್ಪಿಟ್ಟಿತು.

"ಸಾಕು ಮಾನಸ" ಎಂದ ಮಾಲೀಕ. "ಸೋತಿದ್ದಲ್ದೆ ಇನ್ನೊಬ್ಬರ ಮೇಲೆ ಹಾಕ್ತೀಯ. ಶಾಖೆ ಗುರುಸ್ವಾಮಿಗೆ."

ದಾರಿಯುದ್ದಕ್ಕೂ ಅತ್ತಳು. ಬಸವಯ್ಯ ಮಗಳ ತಲೆ ನೇವರಿಸಿದ. "ಬುಡು ಕೂಸೇ, ನಿನ್ನ ಹಣೇಲಿ ಬರ್ದಿರ್ನಿಲ್ಲ." ಅವನ ಕಣ್ಣೂ ತುಂಬಿತ್ತು. ಅಪ್ಪನನ್ನೂ ಅಳಿಸಿದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಅವಳನ್ನು ಮನೆ ಬಾಗಿಲವರೆಗೆ ಬಿಟ್ಟು, ಸಂತೆಮರಹಳ್ಳಿಗೆ ಫೋನ್ ಮಾಡಲು ಅವನು ಬೂತಿನ ಕಡೆ ಹೊರಟ.

"ನಿಮ್ಮಪ್ಪ ಬರದು ಹೊತ್ತಾಯ್ತದೆ, ಇವತ್ತು ನೀನೇ ದೀಪ ಹಚ್ಚವ್ವ" ಎಂದಳು ತಾಯಿ ರಾಚಮ್ಮ ಒಲೆಯ ಮುಂದಿನಿಂದ. ದೇವರ ಗೂಡಿನ ಹತ್ತಿರ ಬೇರೆಯವರನ್ನು ಬಿಡುವವನಲ್ಲ ಬಸವಯ್ಯ. ಈಚೆಗಂತೂ ಧೂಳು ಒರೆಸಲೂ ಬಿಡುತ್ತಿರಲಿಲ್ಲ.

ಬತ್ತಿ ಹುಡುಕುತ್ತ ಮಾನಸ ಮಾದಪ್ಪನ ಪಟದ ಹಿಂದೆ ಕೈಹಾಕಿದಳು. ಹೊಸ ಗ್ರಾಫಿಕ್ಸ್ ಕಾರ್ಡ್ ಅಲ್ಲಿತ್ತು; ಮೇಲೆ ವಿಭೂತಿ ಬಳಿದು, ಬೆಳಗಿನ ಚೆಂಡುಹೂವೊಂದನ್ನು ಇಡಲಾಗಿತ್ತು.