ಕೊತ್ತಂಬರಿ ಕಂತು

“ನಿಮ್ಮ ನಾಲಿಗೆಗೆ ಬರೆ ಹಾಕ್ಬೇಕು! ನಗಿಸೋಕೆ ಬೇರೆ ಏನೂ ಸಿಗಲಿಲ್ವೇನ್ರಿ?” ನೀಲಮ್ಮ ಲಟ್ಟಣಿಗೆ ಹಿಡಿದೇ ಅಡುಗೆಮನೆಯಿಂದ ಬಂದಳು.

“ಆಗ ನೀನೂ ಬಿದ್ದು ಬಿದ್ದು ನಕ್ಕಿದ್ದೆ ಕಣೆ,” ಎಂದ ಗಂಡ ಚೆನ್ನವೀರಪ್ಪ, ಟಿವಿಯಿಂದ ಕಣ್ಣು ತೆಗೆಯದೆ.

ಇಪ್ಪತ್ತು ವರ್ಷದ ಹಿಂದೆ ಸರ್ಕಾರವನ್ನು ಗೇಲಿ ಮಾಡಿ ಅವನು ಬರೆದ ಹಾಸ್ಯ ಧಾರಾವಾಹಿ ಅದು. ಅದರಲ್ಲಿ ಹೆಂಡತಿಯ ಪಾತ್ರ ಮಾಡಿದ್ದವಳು ನೀಲಮ್ಮನೇ. ಈಗಿನ ಸರ್ಕಾರ ಅದನ್ನು ದಿನಾ ಸಂಜೆ ಮರುಪ್ರಸಾರ ಮಾಡುತ್ತಿತ್ತು; ತೋರಿಸಿದ ಕಂತು ಅಂದೇ ಕಾನೂನಾಗುತ್ತಿತ್ತು. ಬಿಸಿಲಿಗೆ ತೆರಿಗೆ ಬಂದ ಮೇಲೆ ಬೀದಿಯವರೆಲ್ಲ ಕಿಟಕಿ ಮುಚ್ಚಿದ್ದರು. ಮಂತ್ರಿಯ ಕಟೌಟಿಗೆ ಬೆನ್ನು ತೋರಿಸಬಾರದೆಂದು ತರಕಾರಿಯವಳು ಹಿಮ್ಮುಖವಾಗಿ ನಡೆಯುತ್ತಾ ಗಾಡಿ ಎಳೆಯುತ್ತಿದ್ದಳು. ಯಾರೂ ಬೆರಗಾಗುತ್ತಿರಲಿಲ್ಲ.

ಇಂದು ಕೊನೆಯ ಕಂತು. ಅದರಲ್ಲಿ ಹಾಸ್ಯ ಬರೆಯುವವನನ್ನೇ ಇಬ್ಬರು ಟೀ ಕುಡಿಯಲು ಕರೆದೊಯ್ಯುತ್ತಾರೆ. ಹೆಂಡತಿ ಕೊತ್ತಂಬರಿ ತರಲು ಹೇಳುತ್ತಾಳೆ. ಅವನು ಮತ್ತೆ ಬರುವುದಿಲ್ಲ. ಆಗ ಊರೆಲ್ಲ ನಕ್ಕಿತ್ತು.

“ಹಿತ್ತಲಿಂದ ಓಡಿಹೋಗ್ರಿ!”

“ಓಡಿಹೋಗೋದನ್ನ ನಾನು ಬರೆದೇ ಇಲ್ವಲ್ಲೇ.”

ಯಾರೋ ಬಾಗಿಲು ತಟ್ಟಿದರು. ಇಬ್ಬರು ಕೈಮುಗಿದು ನಿಂತಿದ್ದರು. “ಐದೇ ನಿಮಿಷ, ಸಾರ್. ಟೀ ಕುಡಿದು ಬರೋಣ. ನಮ್ಮ ಮನೇಲೆಲ್ಲ ನಿಮ್ಮ ಅಭಿಮಾನಿಗಳು.”

ನೀಲಮ್ಮ ಸೆರಗಿನಿಂದ ಬಾಯಿ ಒತ್ತಿ ಹಿಡಿದಳು. ತಾನು ಕೊತ್ತಂಬರಿಯ ಮಾತು ಆಡದಿದ್ದರೆ ಕಂತು ಮುಗಿಯಲಾರದು, ಗಂಡ ಉಳಿದಾನು. ಚೆನ್ನವೀರಪ್ಪ ಚಪ್ಪಲಿ ಮೆಟ್ಟಿಕೊಂಡ. ಬಂದವರು ಅವಳ ಬಾಯನ್ನೇ ನೋಡುತ್ತಾ ಕಾದರು.

ಟಿವಿಯೊಳಗಿಂದ ಹರೆಯದ ನೀಲಮ್ಮ ಕೂಗಿದಳು: “ರೀ, ಬರ್ತಾ ಕೊತ್ತಂಬರಿ ತನ್ನೀ!”

ಟಿವಿಯೊಳಗಿನ ಜನ ಹೋ ಎಂದು ನಕ್ಕರು. ಅವನು ಮೆಟ್ಟಿಲಿಳಿದು ಹೋದ.

ಕೊತ್ತಂಬರಿ ಇವತ್ತಿಗೂ ಬಂದಿಲ್ಲ.